ಪರೀಕ್ಷೆ ಮುಗಿಯಲಿ, ನೋಡೋಣ

ಯುಜಿಸಿ ನೆಟ್ ಪರೀಕ್ಷೆ ಮೂರು ಗಂಟೆಯದು. 150 ಪ್ರಶ್ನೆಗಳು, ನಡುವೆ ಬಿಡುವಿಲ್ಲ. ನನ್ನ ವರ್ಗಕ್ಕೆ ಜೆಆರ್‌ಎಫ್ ವಯೋಮಿತಿ 30, ನನಗೀಗ 28. ಹಾಗಾಗಿ ಆರು ತಿಂಗಳು ಧಾರವಾಡದ ಗ್ರಂಥಾಲಯವೊಂದರ ಕುರ್ಚಿಗೆ ಅಂಟಿಕೊಂಡೆ. ರಾತ್ರಿ ಊಟದ ಬದಲು ಚಹಾ, ಬನ್ನು. ಸೊಂಟ ನೋವೆಂದಾಗಲೆಲ್ಲ ಒಂದೇ ಉತ್ತರ: ಪರೀಕ್ಷೆ ಮುಗಿಯಲಿ, ನೋಡೋಣ.

ಊರಿಗೆ ಹೋದಾಗ ಅವ್ವ ಕೇಳಿದಳು: “ಎತ್ತಿಗೂ ಹೂಡೂ ಮೊದಲ ಮೇವು ಹಾಕ್ತೀವಿ. ನಿನಗ ನೀ ಅಷ್ಟೂ ಮಾಡ್ಕೊಳ್ಳಂಗಿಲ್ಲೇನೋ?”

ಮಾತು ನಾಟಿತು. ಆದರೆ ಎತ್ತಿಗೆ ಮೇವು ಹಾಕುವುದು ಅದು ಉಳಬೇಕೆಂದು. ಚೆನ್ನಾಗಿ ನಿದ್ದೆ ಮಾಡಿದರೆ ಓದಿದ್ದು ನೆನಪಿನಲ್ಲಿ ನಿಲ್ಲುತ್ತದೆ, ನಿಜ. ಅಂಕಕ್ಕಾಗಿಯೇ ಆರೋಗ್ಯ ಎಂದರೆ ಮಾತ್ರ ನಾನೂ ನೊಗ ಹೊತ್ತ ಎತ್ತೇ. ನಾಳೆ ಅಧ್ಯಾಪಕನಾಗುವವನಿಗಾಗಿ ಇಂದಿನವನನ್ನು ಉಪವಾಸ ಕೆಡವಿ ದುಡಿಸುವ ಹಕ್ಕು ನನಗೆಲ್ಲಿಂದ ಬಂತು? ಇನ್ನೊಬ್ಬರಿಗೆ ಹೀಗೆ ಮಾಡಿದರೆ ಅನ್ಯಾಯ ಎನ್ನುತ್ತೇವೆ; ನಮಗೇ ಮಾಡಿಕೊಂಡರೆ ಶ್ರದ್ಧೆ ಎನ್ನುತ್ತೇವೆ.

ಈಗ ಸಂಜೆ ಪುಸ್ತಕ ಮುಚ್ಚಿ ಕೆಲಗೇರಿ ಕೆರೆಯ ದಂಡೆಗೆ ಹೋಗುತ್ತೇನೆ. ನಡೆಯುವಾಗಲೂ ಮನಸ್ಸು ಓದದೆ ಉಳಿದ ಪಾಠಗಳನ್ನು ಎಣಿಸುತ್ತಿರುತ್ತದೆ. ಆದರೂ ಕತ್ತಲಾಗುವವರೆಗೆ ನಡೆಯುತ್ತೇನೆ, ಆಮೇಲೆ ಊಟ.