ಊರಿಗೆ ಹೊರಡುವ ಮುನ್ನ

ಡಿಸೆಂಬರಿನ ರಜೆಗೆ ಮುಂಚಿತವಾಗಿ ಟೈಫಾಯ್ಡಿನ ಚುಚ್ಚುಮದ್ದು ಹಾಕಿಸಲೆಂದು ಮಗಳನ್ನು ವೈದ್ಯರ ಬಳಿಗೆ ಕರೆದೊಯ್ದಿದ್ದಾಗ, ಅವಳು ತೋಳನ್ನು ಒತ್ತಿಹಿಡಿದುಕೊಂಡು, “ಅಪ್ಪ, ಅಜ್ಜಿ ಮನೆಗೆ ಹೋಗೋದಕ್ಕೂ ಇಂಜೆಕ್ಷನ್ ಬೇಕಾ? ಅಜ್ಜಿ ದಿನಾ ಅದೇ ನೀರು ಕುಡೀತಾರಲ್ಲ?” ಎಂದು ಕೇಳಿದಳು. ಅಜ್ಜಿಯ ದೇಹಕ್ಕೆ ಆ ನೀರಿನೊಡನೆ, ಆ ಮಣ್ಣಿನೊಡನೆ ಬಹುಕಾಲದ ಪರಿಚಯವಿದೆ, ನಿನಗೆ ಇಲ್ಲ ಎಂದು ಹೇಳಿದೆನಾದರೂ, ಹಾಗೆ ಹೇಳುವಾಗ ನನ್ನ ಮನಸ್ಸಿಗಾದ ಸಂಕೋಚ ಅಷ್ಟಿಷ್ಟಲ್ಲ.

ಪೆರುವಿಗೋ ಕೆನ್ಯಕ್ಕೋ ಪ್ರವಾಸ ಹೊರಟರೆ ಯಾವ ಲಸಿಕೆ, ಯಾವ ಮಾತ್ರೆ, ಎಂತಹ ವಿಮೆ ಎಂದು ತಿಂಗಳುಗಳ ಮೊದಲೇ ವಿಚಾರಿಸುವ, ಅಮೆರಿಕದಲ್ಲಿ ನೆಲೆಸಿದ ನಾವು, ಊರಿಗೆ ಹೊರಟಾಗ ಮಾತ್ರ ಪೆಟ್ಟಿಗೆಯ ತೂಕವೊಂದನ್ನುಳಿದು ಬೇರಾವುದನ್ನೂ ಚಿಂತಿಸುವುದಿಲ್ಲ. ಸ್ವಂತ ಮನೆಗೆ ಹೋಗುವವನು ಹೆದರುವುದೆಂದರೇನು ಎಂಬ ಅಭಿಮಾನ ನಮ್ಮನ್ನು ತಡೆಯುತ್ತದೆ. ಆದರೆ ಅಮೆರಿಕದಲ್ಲಿ ಪತ್ತೆಯಾಗುವ ಟೈಫಾಯ್ಡ್ ಪ್ರಕರಣಗಳಲ್ಲಿ ಹೆಚ್ಚಿನವು ಹೊರದೇಶಗಳಿಂದ, ಅದರಲ್ಲಿಯೂ ದಕ್ಷಿಣ ಏಷ್ಯದಿಂದ, ಮರಳಿದವರವು. ಅವರಲ್ಲಿ ಬಂಧುಬಳಗವನ್ನು ಕಾಣಹೋದವರೇ ಅಧಿಕ. ಮಲೇರಿಯಾದ ಸೀಮೆಯಲ್ಲಿ ಬೆಳೆದವರು ಬಾಲ್ಯದಲ್ಲಿ ಗಳಿಸಿದ ಅಲ್ಪಸ್ವಲ್ಪ ಪ್ರತಿರಕ್ಷೆಯೂ ಪರದೇಶವಾಸದಲ್ಲಿ ಕ್ರಮೇಣ ಕ್ಷೀಣಿಸುತ್ತದೆ.

ಹಿಂದಿನ ಸಲ ಸಾಗರ ಪಟ್ಟಣದ ಬಳಿಯ ನಮ್ಮ ಮನೆಯನ್ನು ತಲಪಿ, ಕೈಕಾಲು ತೊಳೆದು ಜಗಲಿಯ ಮೇಲೆ ಕುಳಿತಾಗ, ಬಂದವರಿಗೆ ಬೆಲ್ಲ-ನೀರು ಕೊಡುವ ಪದ್ಧತಿಯಂತೆ ನನ್ನ ತಾಯಿ ಎಲ್ಲರಿಗಿಂತ ಮೊದಲು ಮೊಮ್ಮಗಳ ಮುಂದೆ ಚೊಂಬನ್ನು ಹಿಡಿದಳು. ಮಗು ಕೈಚಾಚದೆ ನನ್ನ ಮುಖವನ್ನು ನೋಡಿತು. ಕುದಿಸದ ನೀರನ್ನು ಕುಡಿಯಕೂಡದೆಂದು ವಿಮಾನದಲ್ಲಿ ನಾನು ಹೇಳಿಕೊಟ್ಟದ್ದನ್ನು ಅದು ಮರೆಯಲಿಲ್ಲವೆಂದು ಹೆಮ್ಮೆಯಾದರೂ, ಆ ನೋಟವನ್ನು ತಾಯಿಯೂ ಕಂಡಳೆಂಬುದು ನನ್ನ ಎದೆಯನ್ನು ಕೊರೆಯಿತು. ಅವಳು ಒಂದು ಮಾತನ್ನೂ ಆಡದೆ ಒಳಹೋಗಿ, ಬಾವಿಯ ನೀರನ್ನು ತಪ್ಪಲೆಯಲ್ಲಿ ಕೊತಕೊತನೆ ಕುದಿಸಿ, ಜೀರಿಗೆ ಹಾಕಿ, ಆರಿಸಿ, ಹೂಜಿಗೆ ತುಂಬಿ, ಬಾಯಿಗೆ ತಟ್ಟೆ ಮುಚ್ಚಿ, “ಇದು ಪುಟ್ಟಿಗೆ. ಯಾರೂ ಲೋಟ ಅದ್ದಬೇಡಿ,” ಎಂದು ಮನೆಮಂದಿಗೆಲ್ಲ ಸಾರಿದಳು. ನಾವಿದ್ದಷ್ಟು ದಿನವೂ ಆ ಹೂಜಿ ಬರಿದಾಗಲಿಲ್ಲ.

ಎಚ್ಚರಿಕೆಯೆಂಬುದು ನಾವು ಇಲ್ಲಿಂದ ಹೊತ್ತೊಯ್ದ ಪರಕೀಯ ಸೊತ್ತೆಂದು ಭಾವಿಸಲು ಕಾರಣವಿಲ್ಲವೆಂಬುದು ಆ ದಿನಗಳಲ್ಲಿಯೇ ನನಗೆ ಮನದಟ್ಟಾಯಿತು. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟು, ಆ ಕಾಡಿನ ಹೆಸರಿನಿಂದಲೇ ಲೋಕದ ವೈದ್ಯಗ್ರಂಥಗಳನ್ನು ಸೇರಿದ ಮಂಗನ ಕಾಯಿಲೆಯನ್ನು ಬಲ್ಲ ಊರಿನ ಜನ, ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಕೈಕಾಲಿಗೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಸವರಿಕೊಳ್ಳುತ್ತಾರೆ, ಮರಳಿದೊಡನೆ ಬಿಸಿನೀರಿನಲ್ಲಿ ಮೀಯುತ್ತಾರೆ, ಮಂಗ ಸತ್ತುಬಿದ್ದ ಕಡೆ ಕಾಲಿಡುವುದಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದವರು ಇಷ್ಟು ಜಾಗರೂಕರಾಗಿರುವಾಗ, ಸಾಕುನಾಯಿಗಳೊಡನೆ ಬೆಳೆದು, ಬೀದಿನಾಯಿಯನ್ನು ಕಂಡರೂ ಮುದ್ದಿಸಲು ಕೈನೀಡುವ ನಮ್ಮ ಮಕ್ಕಳ ವಿಷಯದಲ್ಲಿ ನಾವು ಉದಾಸೀನರಾಗುವುದು ತರವೇ? ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಧಾವಿಸತಕ್ಕದ್ದೆಂಬುದನ್ನು ಮಕ್ಕಳಿಗೂ ಹೇಳಿಕೊಡಬೇಕು. ಬೈಗುಳಕ್ಕೆ ಅಂಜಿ ಅವರು ಗಾಯವನ್ನು ಮುಚ್ಚಿಡಬಾರದು.

ಇಲ್ಲಿನ ನಮ್ಮ ಕನ್ನಡ ಸಂಘದಲ್ಲಿ ವೈದ್ಯರಿಗೆ ಕೊರತೆಯಿಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಟಿಕೆಟ್ಟಿನ ದರವನ್ನು ಅಷ್ಟೊಂದು ಆಸಕ್ತಿಯಿಂದ ಚರ್ಚಿಸುವ ನಾವು, ಟೈಫಾಯ್ಡಿನ ಚುಚ್ಚುಮದ್ದನ್ನು ಪ್ರಯಾಣಕ್ಕೆ ಕನಿಷ್ಠ 2 ವಾರ ಮೊದಲೇ ಹಾಕಿಸಬೇಕೆಂಬುದನ್ನೂ, ಅದರ ರಕ್ಷಣೆ ಪೂರ್ಣವಲ್ಲವಾದುದರಿಂದ ನೀರು ಕುದಿಸುವುದು ತಪ್ಪದೆಂಬುದನ್ನೂ, ನಮ್ಮ ಹಿರಿಯರು ನೆಚ್ಚಿರುವ ಮೆಡಿಕೇರ್ ಸಾಮಾನ್ಯವಾಗಿ ಹೊರದೇಶದ ಚಿಕಿತ್ಸೆಗೆ ಒದಗದೆಂಬುದನ್ನೂ, ಮರಳಿದ ಮೇಲೆ ಜ್ವರ ಬಂದರೆ ಊರಿಗೆ ಹೋಗಿದ್ದೆವೆಂದು ವೈದ್ಯರಿಗೆ ತಪ್ಪದೆ ತಿಳಿಸಬೇಕೆಂಬುದನ್ನೂ ಒಂದು ಸಂಜೆ ಕುಳಿತು ಮಾತನಾಡಬಾರದೇಕೆ?

ಇಷ್ಟೆಲ್ಲ ಜಾಗ್ರತೆಯ ನಡುವೆ ಬೆಳೆಯುವ ಮಗುವಿನ ಮನಸ್ಸಿನಲ್ಲಿ ಅಜ್ಜಿಯ ಊರು ಪ್ರೀತಿಯ ನೆಲೆಯಾಗಿ ಉಳಿಯುವುದೋ, ಅಂಜಿಕೆಯ ತಾಣವಾಗಿ ಉಳಿಯುವುದೋ ನಾನರಿಯೆ. ಆ ಚಿಂತೆ ಬಿಟ್ಟಿಲ್ಲ. ಈ ಸಲ ತಾಯಿಯೇ ಫೋನಿನಲ್ಲಿ, ಪುಟ್ಟಿಗೆ ಕೋಸಂಬರಿ ಕೊಡಬಹುದೇ ಎಂದು ಕೇಳಿದಳು. ಕುದಿಸಿ ಆರಿಸಿದ ನೀರಿನಲ್ಲಿ ಸೌತೆಕಾಯಿಯನ್ನು ತೊಳೆದು, ಸಿಪ್ಪೆ ಹೆರೆದು ಹಾಕಿದರೆ ಆದೀತೆಂದು ಹೇಳಿದ್ದೇನೆ. ಹೆಸರುಬೇಳೆ ನೆನೆಹಾಕುವ ನೀರಿನ ವಿಷಯವನ್ನು ಮಾತ್ರ ಇನ್ನೂ ಹೇಳಲಾಗಿಲ್ಲ.