ವಿಸ್ಮೃತಿ, ವ್ರತ ಮತ್ತು ಔಷಧದಾನ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರೋಷಧೋಪವಾಸದ ಐದು ಅತಿಚಾರಗಳನ್ನು ಹೇಳುವಾಗ ಕೊನೆಯದಾಗಿ ‘ಸ್ಮೃತ್ಯನುಪಸ್ಥಾನ’ವನ್ನು ಎಣಿಸಿದ್ದಾರೆ. ಕೈಗೊಂಡ ವ್ರತವೇ ನೆನಪಿನಲ್ಲಿ ನಿಲ್ಲದಿರುವುದು ಎಂದು ಇದರ ಅರ್ಥ. ಎಚ್ಚರವಿರಬಲ್ಲವನು ಎಚ್ಚರ ತಪ್ಪಿದರೆ ಅದು ಪ್ರಮಾದ. ಆದರೆ ತುಮಕೂರಿನ ಸತ್ಯಮಂಗಲದ ಮನೆಯೊಂದರಲ್ಲಿ ವೃದ್ಧ ಶ್ರಾವಿಕೆಯೊಬ್ಬರು ಅಷ್ಟಮಿಯ ಬೆಳಿಗ್ಗೆ ಉಪವಾಸದ ಸಂಕಲ್ಪ ಮಾಡಿ, ಮಧ್ಯಾಹ್ನ “ಇನ್ನೂ ಏಕೆ ಬಡಿಸಲಿಲ್ಲವಮ್ಮಾ?” ಎಂದು ಸೊಸೆಯನ್ನು ಕೇಳಿದರೆ ಅದನ್ನು ಪ್ರಮಾದವೆನ್ನಲಾದೀತೇ? ಅದು ವ್ಯಾಧಿ. ಅಲ್ಲಿ ಸಲ್ಲುವುದು ಆಕ್ಷೇಪಣೆಯಲ್ಲ, ಅನುಕಂಪೆ.

ಈ ವ್ಯಾಧಿಗಳಲ್ಲಿ ಮುಖ್ಯವಾದುದನ್ನು 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ಮೊದಲು ವಿವರಿಸಿದರು. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನ ಮರೆಗುಳಿ ರೋಗಗಳಿಂದ ಬಳಲುತ್ತಿರುವರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಔಷಧದ ಶೋಧಕ್ಕೆ ಮನುಷ್ಯರ ನೆರವು ಬೇಕು. ಆ ನೆರವು ಚತುರ್ವಿಧ ದಾನಗಳಲ್ಲಿ ಒಂದಾದ ಔಷಧದಾನದ ಸಾಲಿಗೆ ಸೇರೀತೇ?

ದಾನದ ಹಿರಿಮೆಯು ವಿಧಿ, ದ್ರವ್ಯ, ದಾತೃ, ಪಾತ್ರಗಳನ್ನು ಅವಲಂಬಿಸಿದೆ. ಆದುದರಿಂದ ಕೊಡುವುದೇನೆಂಬುದನ್ನು ಮೊದಲು ತಿಳಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಅಧ್ಯಯನವೊಂದನ್ನು ಆರಂಭಿಸಿತು. 45 ವರ್ಷ ದಾಟಿದ 10,000 ಗ್ರಾಮೀಣರನ್ನು ದೀರ್ಘಕಾಲ ಪರೀಕ್ಷಿಸುವುದು ಅದರ ಗುರಿ. ಅಲ್ಲಿ ಕೊಡಬೇಕಾದುದು ಸಮಯ, ಸ್ವಲ್ಪ ರಕ್ತ, ಪ್ರಶ್ನೆಗಳಿಗೆ ಉತ್ತರ. ಹೊಸ ಔಷಧದ ಪ್ರಯೋಗದಲ್ಲಾದರೋ ದೇಹವನ್ನೇ ಅಪಾಯಕ್ಕೆ ಒಡ್ಡಬೇಕಾಗುತ್ತದೆ. ಲೆಕಾನೆಮ್ಯಾಬ್ ಎಂಬ ಔಷಧದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 1,795 ಜನರಲ್ಲಿ ಅರ್ಧದಷ್ಟು ಮಂದಿಗೆ ಹದಿನೆಂಟು ತಿಂಗಳು ದೊರೆತದ್ದು ಔಷಧವಿಲ್ಲದ ಹುಸಿಮದ್ದು. ಔಷಧ ಪಡೆದವರಲ್ಲಿಯೂ ರೋಗ ನಿಲ್ಲಲಿಲ್ಲ. ಅದರ ವೇಗ ಸುಮಾರು ಶೇಕಡಾ 27ರಷ್ಟು ತಗ್ಗಿತು. ಕೆಲವರ ಮೆದುಳಿನಲ್ಲಿ ಬಾವು, ರಕ್ತಸ್ರಾವ ಕಂಡುಬಂದವು.

ಹೀಗಿರುವಾಗ ‘ನನಗೆ ವಾಸಿಯಾದೀತು’ ಎಂಬ ಆಸೆಯೊಂದರಿಂದಲೇ ಸೇರುವವನ ಮನಸ್ಸಿನಲ್ಲಿ ನಿದಾನಶಲ್ಯವನ್ನು ಹೋಲುವ ಮುಳ್ಳೊಂದು ಉಳಿಯುತ್ತದೆ. ಹುಸಿಮದ್ದು ದೊರೆತರೆ ಅವನು ಮೋಸಹೋದೆನೆಂದು ಕೊರಗುವನು. ಮುಂದಿನವರಿಗೆ ಉಪಕಾರವಾಗಲೆಂದು ಕೊಟ್ಟವನಿಗೆ ಆ ಕೊರಗಿಲ್ಲ. ಹುಸಿಮದ್ದು ಪಡೆದರೂ ಅವನ ದಾನ ಪೂರ್ಣವೇ.

ಇನ್ನೂ ಸೂಕ್ಷ್ಮವಾದ ಮಾತೊಂದಿದೆ. ತನ್ನದನ್ನು ತಾನೇ ತ್ಯಜಿಸುವುದು ದಾನ. ತಾಯಿಯ ಪರವಾಗಿ ಮಗನು ವ್ರತ ಸ್ವೀಕರಿಸಲಾರನು. ಹಾಗೆಯೇ ತಾಯಿಯ ದೇಹವನ್ನು ಮಗನು ದಾನವೆಂದು ಕೊಡಲಾರನು. ರೋಗಿಗೆ ಒಪ್ಪಿಗೆ ಕೊಡುವ ಶಕ್ತಿಯಿಲ್ಲದಿದ್ದರೆ ಕಾನೂನುಬದ್ಧ ಪ್ರತಿನಿಧಿ ಸಹಿ ಮಾಡಬಹುದೆಂದು 2019ರ ಭಾರತೀಯ ನಿಯಮಗಳು ಹೇಳುತ್ತವೆ. ಕಾನೂನಿಗೆ ಅಷ್ಟು ಸಾಕು. ಆದರೆ ಆ ಸಹಿಯು ಹಿರಿಯರು ತಿಳಿವಿದ್ದಾಗ ಆಡಿದ ಮಾತನ್ನು ನಡೆಸುವುದಾಗಬೇಕೇ ಹೊರತು ಮನೆಯವರ ಆತುರವಾಗಬಾರದು. ಅಂತಹ ಮಾತೇ ಇಲ್ಲದಿದ್ದಲ್ಲಿ ಅಪಾಯವಿರುವ ಪ್ರಯೋಗದಿಂದ ದೂರವಿರುವುದೇ ಅಹಿಂಸೆಗೆ ಹತ್ತಿರ.

ಒಪ್ಪಿದವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದು ವ್ರತಭಂಗವಲ್ಲ. ಹೆಸರುಗಳೆಲ್ಲ ಮರೆತುಹೋದ ಮೇಲೂ ಸೂಜಿಯನ್ನು ಕಂಡು ಹಿರಿಯರು ಕೈ ಹಿಂದಕ್ಕೆಳೆದರೆ, ಆ ‘ಬೇಡ’ ಅವರದೇ. ಅದನ್ನು ಮನ್ನಿಸಬೇಕು.

ಆದುದರಿಂದ ಶ್ರಾವಕರು ಈ ವಿಚಾರವನ್ನು ಮುಂದೂಡಲಾಗದು. ಬುದ್ಧಿ ತಿಳಿಯಾಗಿರುವಾಗಲೇ ‘ಇಷ್ಟನ್ನು ಕೊಡುವೆನು, ಇಷ್ಟನ್ನು ಕೊಡೆನು’ ಎಂದು ಮಕ್ಕಳ ಮುಂದೆ ಸ್ಪಷ್ಟವಾಗಿ ನುಡಿದಿಡುವುದು ಯೋಗ್ಯ. ಸ್ಮೃತಿ ಅಳಿದ ಮೇಲೂ ಆ ನುಡಿಯನ್ನು ಕಾಯುವುದು ಮನೆಯವರ ಧರ್ಮ.