ಚಿಕಿತ್ಸೆ: ದಾನವೋ, ಋಣವೋ?

ಸರಕಾರ ರೋಗಿಗೆ ಕೊಡುವ ಚಿಕಿತ್ಸೆ ದಯೆಯಿಂದ ಬಂದ ದಾನವೋ, ತೀರಿಸಲೇಬೇಕಾದ ಋಣವೋ ಎಂಬುದು ಬಜೆಟ್ಟಿನ ಲೆಕ್ಕಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಧರ್ಮಪ್ರಶ್ನೆ. ದಾನವಾದರೆ ಕೈ ಬಿಗಿಯಾದಾಗ ಅದನ್ನು ಕಡಿಮೆ ಮಾಡುವುದರಲ್ಲಿ ಅನ್ಯಾಯವಿಲ್ಲ. ಋಣವಾದರೆ ಕಡಿತ ಮಾಡುವವರು ಕಾರಣ ಹೇಳಬೇಕು. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯಗಳನ್ನು ಸಂವಿಧಾನದ 7ನೇ ಅನುಸೂಚಿಯು ರಾಜ್ಯಪಟ್ಟಿಯಲ್ಲಿ ಇರಿಸಿದೆ. ಹೀಗಾಗಿ ಉಡುಪಿ ಜಿಲ್ಲೆಯ ನಂದಿಕೂರಿನ ಮತದಾರ ಆ ಕಾರಣವನ್ನು ಮೊದಲು ಕೇಳಬೇಕಾದ್ದು ಕಾಪು ಕ್ಷೇತ್ರದ ಶಾಸಕರನ್ನು.

ಉಡುಪಿ ಸೀಮೆಯಲ್ಲಿ ದಾನದ ಪರಂಪರೆ ದೊಡ್ಡದು. 1923ರಲ್ಲಿ ಬಾಸೆಲ್ ಮಿಶನ್ನಿನ ಡಾ. ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದ ಬೋಳುಗುಡ್ಡದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಕಾರ್ಪೊರೇಶನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರು ಬಿಟ್ಟುಕೊಟ್ಟ ನೆಲದಲ್ಲಿ ಹೆಂಗಸರು ಮಕ್ಕಳ ಸರಕಾರಿ ಆಸ್ಪತ್ರೆ ನಡೆಯಿತು. ಅದೇ ನೆಲದಲ್ಲಿ ಉದ್ಯಮಿ ಬಿ.ಆರ್. ಶೆಟ್ಟಿಯವರ ಸಂಸ್ಥೆ ಕಟ್ಟಿದ 200 ಹಾಸಿಗೆಗಳ ಉಚಿತ ತಾಯಿ-ಮಕ್ಕಳ ಆಸ್ಪತ್ರೆ 2017ರ ನವೆಂಬರಿನಲ್ಲಿ ಆರಂಭವಾಯಿತು. ಚೊಕ್ಕ ವಾರ್ಡು, ಖರ್ಚಿಲ್ಲದ ಹೆರಿಗೆ. ಬಡ ಮನೆಗಳಿಗೆ ಅದು ನಿಜವಾದ ಉಪಕಾರ. ಆದರೆ 2020ರ ಹೊತ್ತಿಗೆ ಕೊಲ್ಲಿಯಲ್ಲಿ ಅವರ ಉದ್ಯಮ ಕುಸಿಯಿತು, ಉಡುಪಿಯಲ್ಲಿ ಸಿಬ್ಬಂದಿಯ ಸಂಬಳ ನಿಂತಿತು. ವೈದ್ಯರು, ದಾದಿಯರು ಧರಣಿ ಕೂತರು. ಕೊನೆಗೆ ಆಸ್ಪತ್ರೆಯನ್ನು ಸರಕಾರವೇ ವಹಿಸಿಕೊಳ್ಳಬೇಕಾಯಿತು. ದಾನಿಯ ಮನಸ್ಸಿನಲ್ಲಿ ಕೊರತೆ ಹುಡುಕಬೇಕಿಲ್ಲ. ಎಷ್ಟೇ ಉದಾರವಾದ ದಾನವೂ ದಾನಿಯ ಸಂಪತ್ತಿನ ಜೊತೆಗೇ ಏಳುತ್ತದೆ, ಅದರ ಜೊತೆಗೇ ಬೀಳುತ್ತದೆ. ಬಸುರಿಯ ದಿನ ತುಂಬುವುದು ಯಾರ ಸಂಪತ್ತನ್ನೂ ಕಾಯುವುದಿಲ್ಲ.

ದಾನಕ್ಕಿಂತ ಬೇರೆಯಾದ ಚಿಂತನೆಯೂ ಈ ನೆಲದಲ್ಲೇ ಹುಟ್ಟಿದೆ. ನಂದಿಕೂರಿನಿಂದ ಬಹಳ ದೂರವಿಲ್ಲದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಗೀತೆಯ ಮೇಲಿನ ತಮ್ಮ ಬರಹದಲ್ಲಿ ಜನಸೇವೆಯನ್ನು ಭಗವಂತನಿಗೆ ಸಲ್ಲಬೇಕಾದ ಕಂದಾಯವೆಂದು ಕಂಡರು. ಕಂದಾಯ ಕಟ್ಟುವವನು ಯಾರ ಮೇಲೂ ಉಪಕಾರ ಮಾಡುತ್ತಿಲ್ಲ. ತನ್ನದಲ್ಲದ್ದನ್ನು ಅದರ ಒಡೆಯನಿಗೆ ಒಪ್ಪಿಸುತ್ತಿದ್ದಾನೆ. ಮಧ್ವರು ಮಾತಾಡಿದ್ದು ಸಾಧಕನ ಕುರಿತು, ಸರಕಾರದ ಕುರಿತಲ್ಲ ಎಂಬುದು ನಿಜ. ಆದರೂ ಸೇವೆ ಪಡೆಯುವವನು ತಲೆ ತಗ್ಗಿಸಬೇಕಿಲ್ಲ ಎಂಬ ತೀರ್ಮಾನ ಎರಡೂ ಕಡೆ ಸಲ್ಲುತ್ತದೆ.

ಚಿಕಿತ್ಸೆ ಋಣವೆಂಬ ವಾದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ: ಬೊಕ್ಕಸಕ್ಕೆ ಮಿತಿಯಿದೆ, ಮಿತಿಯಿಲ್ಲದ ಋಣವನ್ನು ಯಾರೂ ತೀರಿಸಲಾರರು. ಸುಪ್ರೀಂ ಕೋರ್ಟ್ ಎರಡೂ ಮಾತು ಹೇಳಿದೆ. ರೈಲಿನಿಂದ ಬಿದ್ದು ಗಾಯಗೊಂಡು, ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಅಲೆದ ಬಂಗಾಳದ ಕೂಲಿಕಾರನ ಪ್ರಕರಣದಲ್ಲಿ, ತುರ್ತು ಚಿಕಿತ್ಸೆ ಸಿಗದಿರುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದೂ ಹಣವಿಲ್ಲವೆಂಬ ನೆಪ ಸಲ್ಲದೆಂದೂ 1996ರಲ್ಲಿ ತೀರ್ಪಿತ್ತಿತು. 1998ರಲ್ಲಿ ಪಂಜಾಬಿನ ಪ್ರಕರಣದಲ್ಲಿ, ನೌಕರರ ವೈದ್ಯಕೀಯ ವೆಚ್ಚದ ಮರುಪಾವತಿಗೆ ಸರಕಾರ ಮಿತಿ ಹಾಕಬಹುದೆಂದು ಒಪ್ಪಿತು. ಎರಡನ್ನೂ ಸೇರಿಸಿ ಓದಿದರೆ, ಪ್ರಾಣ ಉಳಿಸುವ ಚಿಕಿತ್ಸೆ ಕಡಿತಕ್ಕೆ ಸಿಗಬಾರದು, ಮಿತಿ ಅದರಾಚೆಗಿನದಕ್ಕೆ ಎಂಬ ಅರ್ಥ ಹೊರಡುತ್ತದೆ. ಇದು ನ್ಯಾಯವಾದ ಗೆರೆ.

ಕರ್ನಾಟಕದಲ್ಲಿ ಆ ಗೆರೆ ಹಲವು ಸಲ ಆರೋಗ್ಯ ಇಲಾಖೆಯ ಹೊರಗೆ ಅಳಿಸಿಹೋಗುತ್ತದೆ. 2018ರ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ಸಿಗುವುದು ನಿಗದಿತ ದರದ ಶೇ. 30 ಮಾತ್ರ. ಆದ್ದರಿಂದ ಆಹಾರ ಇಲಾಖೆ ಬಿಪಿಎಲ್ ಪಡಿತರ ಚೀಟಿ ರದ್ದುಪಡಿಸಿದರೆ ಅಕ್ಕಿಯ ಜೊತೆಗೆ ಚಿಕಿತ್ಸೆಯ ಆಸರೆಯ ಬಹುಪಾಲೂ ಹೋಗುತ್ತದೆ. 2024ರ ನವೆಂಬರಿನಲ್ಲಿ ಚೀಟಿ ಪರಿಷ್ಕರಣೆ ಗದ್ದಲವೆಬ್ಬಿಸಿ ಸರಕಾರ ಹಿಂದೆ ಸರಿದಾಗ ಚರ್ಚೆಯಾದದ್ದು ಹೆಚ್ಚಾಗಿ ಅಕ್ಕಿಯೇ. ಉಡುಪಿಯವರಿಗೆ ಈ ಯೋಜನೆಯ ಆಸರೆ ಇನ್ನೂ ಮುಖ್ಯ, ಏಕೆಂದರೆ ಇಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಲ್ಲ. ಕಾಯಿಲೆ ದೊಡ್ಡದಾದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಂಡು ಖಾಸಗಿ ಆಸ್ಪತ್ರೆಗೆ ಹೋಗುವುದೇ ಹೆಚ್ಚಿನವರ ದಾರಿ.

ಚಿಕಿತ್ಸೆಯನ್ನು ಋಣವೆಂದು ಕೇಳುವ ನಂದಿಕೂರಿನವರ ಬೇಡಿಕೆಗೆ ಇನ್ನೊಂದು ಬಲವೂ ಇದೆ. ಪಕ್ಕದ ಎಲ್ಲೂರಿನಲ್ಲಿ 1,200 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಎದ್ದಿದೆ. ಅಲ್ಲಿನ ವಿದ್ಯುತ್ತು ನಾಡಿನ ಊರೂರಿಗೆ ಹರಿಯುತ್ತದೆ, ಹಾರುಬೂದಿಯ ಆತಂಕ ಮಾತ್ರ ಸುತ್ತಲಿನ ಊರುಗಳ ಪಾಲು. 2022ರಲ್ಲಿ ಹಸಿರು ನ್ಯಾಯಮಂಡಳಿ ಪರಿಸರ ಹಾನಿಗೆ ಪರಿಹಾರ ಕಟ್ಟುವಂತೆ ಸ್ಥಾವರಕ್ಕೆ ಆದೇಶಿಸಿತು. ಎಲ್ಲರ ಅನುಕೂಲದ ಹೊರೆ ಹೊತ್ತ ಊರಿಗೆ ಚಿಕಿತ್ಸೆ ಕೊಡುವುದನ್ನು ಔದಾರ್ಯವೆಂದು ಕರೆಯಲಾಗದು.

ಹೀಗಿದ್ದೂ ಜನ ಆಸ್ಪತ್ರೆಯ ಬಿಲ್ಲು ಹಿಡಿದು ಶಾಸಕರ ಕಚೇರಿಗೆ ಹೋಗುವುದು ಶಿಫಾರಸು ಪತ್ರಕ್ಕಾಗಿ. ಮುಖ್ಯಮಂತ್ರಿ ಪರಿಹಾರ ನಿಧಿಯ ಚೆಕ್ಕು ಎಷ್ಟೋ ಸಲ ಫೋಟೋದೊಡನೆ ಕೈಗೆ ಬರುತ್ತದೆ. ಆ ಹಣ ಬೇಕಾದದ್ದೇ, ಅದರಿಂದ ಜೀವಗಳು ಉಳಿದಿವೆ. ಆದರೆ ಋಣವಾಗಿ ಸಲ್ಲಬೇಕಾದದ್ದು ಅಲ್ಲಿ ಮತ್ತೆ ದಾನವಾಗುತ್ತದೆ; ಬಜೆಟ್ಟಿನಲ್ಲಿ ಏನು ಕಡಿತವಾಯಿತು, ಏಕೆ ಎಂದು ಕೇಳಬೇಕಾದವನು ಕೃತಜ್ಞತೆ ಹೇಳಿ ಮನೆಗೆ ಬರುತ್ತಾನೆ.